ಮನೆ ನ್ಯೂಜೆರ್ಸಿಯಲ್ಲಿ, ಕೆಲಸ ಮ್ಯಾನ್‌ಹ್ಯಾಟನ್‌ನಲ್ಲಿ: ಊರು ಆರಿಸುವ ಮುಂಚಿನ ಲೆಕ್ಕ

ನ್ಯೂಯಾರ್ಕ್ ಸುತ್ತಮುತ್ತ ಮನೆ ಕೊಳ್ಳಲು ಹೊರಟ ನಮ್ಮವರ ಮೊದಲ ಪ್ರಶ್ನೆ ‘ಸ್ಕೂಲು ಹೇಗಿದೆ?’ ಎರಡನೆಯದು ‘ಟ್ಯಾಕ್ಸ್ ಎಷ್ಟು?’ ‘ಆಫೀಸಿಗೆ ಎಷ್ಟು ಹೊತ್ತು?’ ಎನ್ನುವುದು ಕೊನೆಗೆ ಬರುತ್ತದೆ. ಅದಕ್ಕೆ ಏಜೆಂಟ್ ‘ಸುಮಾರು ಒಂದು ಗಂಟೆ’ ಅಂದರೆ ಸಾಕು, ಮಾತು ಅಲ್ಲಿಗೆ ಮುಗಿಯುತ್ತದೆ.

ಈ ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ. ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋಗುವುದೇ ಶಾಲೆಗೆ. ನೇರ ರೈಲಿರುವ ಊರಿನಲ್ಲಿ ಮನೆ ಬೆಲೆ ಜಾಸ್ತಿ. ನೀವು ಕೆಲಸ ಮಾಡುವ ಕಂಪನಿ ಹಡ್ಸನ್ ನದಿಯ ಯಾವ ದಡದಲ್ಲಿದೆ ಎನ್ನುವುದರ ಮೇಲೆ ಇನ್‌ಕಮ್ ಟ್ಯಾಕ್ಸ್ ಬದಲಾಗುತ್ತದೆ. ಹಾಗಾಗಿ ‘ಯಾವ ಊರು ಒಳ್ಳೆಯದು?’ ಎನ್ನುವ ಪ್ರಶ್ನೆಗೆ ಅರ್ಥವಿಲ್ಲ. ನಿಮ್ಮ ಮಕ್ಕಳು ಇನ್ನೆಷ್ಟು ವರ್ಷ ಶಾಲೆಗೆ ಹೋಗುತ್ತಾರೆ, ನೀವು ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗಬೇಕು ಎನ್ನುವ ಎರಡು ಸಂಖ್ಯೆ ಗೊತ್ತಾದರೆ ಮಾತ್ರ ಉತ್ತರ ಸಿಗುತ್ತದೆ.

ಟ್ಯಾಕ್ಸ್ ದರ ನೋಡಿ ಮೋಸ ಹೋಗಬೇಡಿ

ನ್ಯೂಜೆರ್ಸಿಯ ಪ್ರಾಪರ್ಟಿ ಟ್ಯಾಕ್ಸ್ ಅಮೆರಿಕದಲ್ಲೇ ಅತಿ ಹೆಚ್ಚಿನದು. 2024ರಲ್ಲಿ ರಾಜ್ಯದ ಸರಾಸರಿ ಬಿಲ್ ಮೊದಲ ಸಲ 10,000 ಡಾಲರ್ ದಾಟಿತು. ಒಳ್ಳೆಯ ಶಾಲೆ ಇದೆ ಎಂದು ಹೆಸರಾದ ಊರುಗಳಲ್ಲಿ 14-15 ಸಾವಿರ ಡಾಲರ್ ಬಿಲ್ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಈ ರಾಜ್ಯದಲ್ಲಿ 564 ಸ್ಥಳೀಯ ಆಡಳಿತಗಳಿವೆ. ಒಂದೊಂದಕ್ಕೂ ಅದರದೇ ಟ್ಯಾಕ್ಸ್ ದರ. ದರವನ್ನು 100 ಡಾಲರ್ ಅಸೆಸ್ಡ್ ವ್ಯಾಲ್ಯೂಗೆ ಇಷ್ಟು ಎಂದು ಹೇಳುತ್ತಾರೆ. ಇಲ್ಲೇ ಹೊಸಬರು ಎಡವುವುದು. ಅಸೆಸ್ಡ್ ವ್ಯಾಲ್ಯೂ ಎಂದರೆ ಮಾರುಕಟ್ಟೆ ಬೆಲೆ ಅಲ್ಲ. ಊರಿನ ಮನೆಗಳಿಗೆಲ್ಲ ಕೊನೆಯ ಸಲ ಬೆಲೆ ಕಟ್ಟಿದಾಗ ಕಾಗದದ ಮೇಲೆ ಬರೆದಿಟ್ಟ ಬೆಲೆ ಅದು. ಕೆಲವು ಊರುಗಳು ವರ್ಷ ವರ್ಷವೂ ಅದನ್ನು ಹೊಸದು ಮಾಡುತ್ತವೆ. ಕೆಲವು ಊರುಗಳಲ್ಲಿ ದಶಕಗಳಿಂದ ಹಳೆಯ ಬೆಲೆಯೇ ನಿಂತಿದೆ.

ಒಂದು ಉದಾಹರಣೆ. ಎರಡು ಊರು, ಎರಡರಲ್ಲೂ 7 ಲಕ್ಷ ಡಾಲರಿನ ಮನೆ. ಮೊದಲ ಊರಿನಲ್ಲಿ ದರ 100ಕ್ಕೆ 2 ಡಾಲರ್, ಅಸೆಸ್ಡ್ ವ್ಯಾಲ್ಯೂ ಪೂರ್ತಿ 7 ಲಕ್ಷ. ಬಿಲ್ 14,000 ಡಾಲರ್. ಎರಡನೇ ಊರಿನಲ್ಲಿ ದರ 5.50, ಕೇಳಿದರೇ ಗಾಬರಿ. ಆದರೆ ಅಲ್ಲಿ ಮನೆಗೆ ಬರೆದಿರುವುದು ಮಾರುಕಟ್ಟೆ ಬೆಲೆಯ ಶೇ 35, ಅಂದರೆ 2,45,000. ಬಿಲ್ 13,475 ಡಾಲರ್. ದರ ಹೆಚ್ಚಿರುವ ಊರಿನಲ್ಲೇ ಟ್ಯಾಕ್ಸ್ ಕಡಿಮೆ! ಅದಕ್ಕೇ ಊರುಗಳನ್ನು ಹೋಲಿಸುವಾಗ ‘ಜನರಲ್ ರೇಟ್’ ಬಿಟ್ಟು ‘ಎಫೆಕ್ಟಿವ್ ರೇಟ್’, ಅಂದರೆ ಮಾರುಕಟ್ಟೆ ಬೆಲೆಯ ಮೇಲೆ ಬೀಳುವ ದರ ನೋಡಬೇಕು. ರಾಜ್ಯದ ಟ್ಯಾಕ್ಸೇಷನ್ ವಿಭಾಗ ಎರಡನ್ನೂ ಕೌಂಟಿವಾರು ಪ್ರಕಟಿಸುತ್ತದೆ. ಒಂದು ನಿರ್ದಿಷ್ಟ ಮನೆಯ ಬಿಲ್ ಬೇಕಿದ್ದರೆ ಕೌಂಟಿಯ ದಾಖಲೆಯಲ್ಲಿ ವಿಳಾಸ ಹಾಕಿ ನೋಡಬಹುದು, ಅದು ಸಾರ್ವಜನಿಕ ಮಾಹಿತಿ.

ಹಳೆಯ ಬೆಲೆಯಲ್ಲೇ ಕೂತಿರುವ ಊರಿನಲ್ಲಿ ಇನ್ನೊಂದು ಅಪಾಯವಿದೆ. ಒಂದು ದಿನ ಅಲ್ಲಿ ಮರುಮೌಲ್ಯಮಾಪನ ಆಗಲೇಬೇಕು. ಅದರಿಂದ ಊರಿಗೆ ಬೇಕಾದ ಒಟ್ಟು ಹಣ ಹೆಚ್ಚುವುದಿಲ್ಲ. ಯಾರ ಪಾಲು ಎಷ್ಟು ಎನ್ನುವುದು ಮಾತ್ರ ಬದಲಾಗುತ್ತದೆ. ಊರಿನ ಮನೆಗಳ ಬೆಲೆ ಸರಾಸರಿ ಶೇ 40 ಏರಿ, ನಿಮ್ಮದು ಮಾತ್ರ ಶೇ 60 ಏರಿದ್ದರೆ ನಿಮ್ಮ ಬಿಲ್ ಸುಮಾರು ಶೇ 14 ಹೆಚ್ಚುತ್ತದೆ. ಸ್ಟೇಷನ್ ಪಕ್ಕದ ಮನೆಗಳಿಗೆ ಇದು ಆಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಬೇಗ ಬೆಲೆ ಏರುವುದು ಅವೇ.

‘ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವ ಹಾಗಿಲ್ಲ, ಕಾನೂನು ಇದೆ’ ಎಂದು ಯಾರಾದರೂ ಧೈರ್ಯ ಹೇಳಬಹುದು. ಇದೆ, ನಿಜ. ಆದರೆ ಆ ಮಿತಿ ಊರಿನ ಒಟ್ಟು ವಸೂಲಿಗೆ, ನಿಮ್ಮ ಮನೆಯ ಬಿಲ್ಲಿಗಲ್ಲ. ಅದಕ್ಕೂ ಸಾಲದ ಕಂತು, ಪಿಂಚಣಿ, ನೌಕರರ ಆರೋಗ್ಯ ವಿಮೆ ಇಂಥ ವಿನಾಯಿತಿಗಳಿವೆ.

ಹೊಸದಾಗಿ ಕಟ್ಟಿದ ಮನೆ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಲಿಸ್ಟಿಂಗ್‌ನಲ್ಲಿ ಕಾಣುವ ಚಿಕ್ಕ ಟ್ಯಾಕ್ಸ್ ಬರೀ ಸೈಟಿನದು ಇರಬಹುದು. ಮನೆ ಮುಗಿದ ಮೇಲೆ ‘ಆಡೆಡ್ ಅಸೆಸ್‌ಮೆಂಟ್’ ಎಂದು ಬೇರೆ ಬಿಲ್ ಬರುತ್ತದೆ. ಟ್ಯಾಕ್ಸ್ ಕಟ್ಟಲೆಂದು ಬ್ಯಾಂಕು ನಿಮ್ಮ ಕಂತಿನಲ್ಲಿ ಎತ್ತಿಡುವ ಎಸ್ಕ್ರೋ ಖಾತೆಯಲ್ಲಿ ಅದಕ್ಕೆ ಹಣ ಇರುವುದಿಲ್ಲ. ಮರುವರ್ಷ ತಿಂಗಳ ಕಂತು ಒಮ್ಮೆಲೇ ಜಿಗಿಯುತ್ತದೆ.

ಕೆಲವು ಊರಲ್ಲಿ ಟ್ಯಾಕ್ಸ್ ಕಡಿಮೆ ಇರುವುದಕ್ಕೂ ಕಾರಣ ಇರುತ್ತದೆ. ಪರಾಮಸ್‌ನಲ್ಲಿ ದೊಡ್ಡ ದೊಡ್ಡ ಮಾಲುಗಳಿವೆ, ಊರಿನ ಖರ್ಚಿನ ಒಳ್ಳೆಯ ಪಾಲನ್ನು ಅವೇ ಹೊರುತ್ತವೆ. ಅದರ ಜೊತೆಗೆ ಬರುವ ಟ್ರಾಫಿಕ್ಕೂ ನಿಮ್ಮದೇ. (ಭಾನುವಾರ ಮಾತ್ರ ರಸ್ತೆ ಖಾಲಿ. ಬರ್ಗನ್ ಕೌಂಟಿಯ ಹಳೆಯ ಕಾನೂನಿನಿಂದಾಗಿ ಬಟ್ಟೆ, ಫರ್ನಿಚರ್ ಅಂಗಡಿಗಳು ಆವತ್ತು ಮುಚ್ಚಿರುತ್ತವೆ.) ಅಂಗಡಿ, ಆಫೀಸು, ಗೋದಾಮು ಏನೂ ಇಲ್ಲದ, ಬರೀ ಮನೆಗಳಿರುವ ಚಂದದ ಊರಿನಲ್ಲಿ ಎಲ್ಲ ಖರ್ಚೂ ಮನೆಯವರ ತಲೆಗೇ ಬರುತ್ತದೆ.

ಟ್ಯಾಕ್ಸನ್ನು ಮನೆ ಬೆಲೆಗೆ ಬದಲಾಯಿಸಿ ನೋಡಿ

ಎರಡು ಮನೆಗಳ ಟ್ಯಾಕ್ಸಿನಲ್ಲಿ ವರ್ಷಕ್ಕೆ 5,000 ಡಾಲರ್ ವ್ಯತ್ಯಾಸ ಇದೆ ಎಂದುಕೊಳ್ಳಿ. ತಿಂಗಳಿಗೆ ಸುಮಾರು 417. ಶೇ 6.5 ಬಡ್ಡಿಯ 30 ವರ್ಷದ ಸಾಲದಲ್ಲಿ ಒಂದು ಲಕ್ಷ ಡಾಲರಿಗೆ ಕಂತು 632 ಡಾಲರ್ ಆಗುತ್ತದೆ. ಅಂದರೆ ಆ 417 ಡಾಲರಿನಲ್ಲಿ ಸುಮಾರು 66,000 ಡಾಲರ್ ಹೆಚ್ಚಿನ ಸಾಲದ ಕಂತು ಕಟ್ಟಬಹುದು. ಕಡಿಮೆ ಟ್ಯಾಕ್ಸಿನ ಮನೆ 66,000 ಹೆಚ್ಚು ದುಬಾರಿಯಾಗಿದ್ದರೂ ತಿಂಗಳ ಖರ್ಚು ಒಂದೇ.

ತಿಂಗಳ ಖರ್ಚು ಒಂದೇ ಆದರೂ ಎರಡೂ ಒಂದೇ ಅಲ್ಲ. ಕಂತಿನ ಒಂದು ಭಾಗ ಅಸಲಿಗೆ ಹೋಗುತ್ತದೆ, ಮನೆ ಮಾರಿದಾಗ ವಾಪಸ್ ಬರುತ್ತದೆ. ಬಡ್ಡಿ ಇಳಿದರೆ ರೀಫೈನಾನ್ಸ್ ಮಾಡಬಹುದು, ಅಂದರೆ ಕಡಿಮೆ ಬಡ್ಡಿಯ ಹೊಸ ಸಾಲಕ್ಕೆ ಬದಲಾಯಿಸಬಹುದು. ಟ್ಯಾಕ್ಸಿಗೆ ರೀಫೈನಾನ್ಸ್ ಇಲ್ಲ, ಅದು ಕೊಟ್ಟ ಮೇಲೆ ಹೋಯಿತು, ಸಾಲ ತೀರಿದ ಮೇಲೂ ಬರುತ್ತಲೇ ಇರುತ್ತದೆ. ಆದ್ದರಿಂದ ಮಿಕ್ಕಿದ್ದೆಲ್ಲ ಸಮ ಇದ್ದರೆ ನಾನು ದುಬಾರಿ ಮನೆ, ಕಡಿಮೆ ಟ್ಯಾಕ್ಸ್ ಕಡೆಗೇ ವಾಲುತ್ತೇನೆ. ಮಿಕ್ಕಿದ್ದು ಸಮ ಇರುವುದು ಅಪರೂಪ ಎನ್ನುವುದು ಬೇರೆ ಮಾತು.

ಟ್ಯಾಕ್ಸಿನ ಹೊರೆ ಸ್ವಲ್ಪ ಇಳಿಸುವ ದಾರಿಗಳೂ ಇವೆ. ಸ್ವಂತ ಮನೆಯವರಿಗೆ ನ್ಯೂಜೆರ್ಸಿಯ ‘ಆ್ಯಂಕರ್’ ಯೋಜನೆಯಲ್ಲಿ 1,000 ಅಥವಾ 1,500 ಡಾಲರ್ ಬರುತ್ತದೆ. ಆದಾಯ 2.5 ಲಕ್ಷ ಡಾಲರ್ ದಾಟಿದರೆ ಇಲ್ಲ. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದರೆ ಅದನ್ನು ಸುಮ್ನೆ ಮರೆತುಬಿಡಿ.

ಫೆಡರಲ್ ಟ್ಯಾಕ್ಸಿನಲ್ಲಿ ಸಿಗುವ ‘ಸಾಲ್ಟ್’ ಕಡಿತ ಇದಕ್ಕಿಂತ ದೊಡ್ಡದು. ರಾಜ್ಯಕ್ಕೂ ಊರಿಗೂ ಕಟ್ಟಿದ ತೆರಿಗೆಯನ್ನು ಫೆಡರಲ್ ಆದಾಯದಿಂದ ಕಳೆಯುವ ಅವಕಾಶ ಇದು. 2018ರಿಂದ ಇದಕ್ಕೆ 10,000 ಡಾಲರ್ ಮಿತಿ ಇತ್ತು. 2025ರ ಕಾನೂನು ಅದನ್ನು 40,000ಕ್ಕೆ ಏರಿಸಿತು, ಅಲ್ಲಿಂದ ವರ್ಷಕ್ಕೆ ಶೇ 1 ಏರುತ್ತದೆ. ಆದಾಯ ಸುಮಾರು 5 ಲಕ್ಷ ದಾಟಿದವರಿಗೆ ಮಿತಿ ಕರಗುತ್ತಾ ಹೋಗಿ ಮತ್ತೆ 10,000ಕ್ಕೆ ನಿಲ್ಲುತ್ತದೆ. 14,000 ಪ್ರಾಪರ್ಟಿ ಟ್ಯಾಕ್ಸ್, 16,000 ರಾಜ್ಯದ ಇನ್‌ಕಮ್ ಟ್ಯಾಕ್ಸ್ ಕಟ್ಟುವ ಕುಟುಂಬ ಮೊದಲು 30,000ದಲ್ಲಿ 10,000 ಮಾತ್ರ ತೋರಿಸಬಹುದಿತ್ತು, ಈಗ ಪೂರ್ತಿ ತೋರಿಸಬಹುದು. ಈಗಾಗಲೇ ಐಟಮೈಸ್ ಮಾಡುತ್ತಿದ್ದು (ಅಂದರೆ ಕಡಿತಗಳನ್ನು ಒಂದೊಂದಾಗಿ ತೋರಿಸುತ್ತಿದ್ದು), ಶೇ 24ರ ತೆರಿಗೆ ಹಂತದಲ್ಲಿದ್ದರೆ ವರ್ಷಕ್ಕೆ 4,800 ಡಾಲರ್ ಉಳಿತಾಯ. ಆದರೆ 2030ಕ್ಕೆ ಮಿತಿ ಮತ್ತೆ 10,000ಕ್ಕೆ ಇಳಿಯುತ್ತದೆ ಎಂದು ಅದೇ ಕಾನೂನು ಹೇಳುತ್ತದೆ. 30 ವರ್ಷದ ಸಾಲಕ್ಕೆ ಸಹಿ ಹಾಕುವಾಗ ಐದು ವರ್ಷದ ರಿಯಾಯಿತಿಯನ್ನು ನಂಬಿ ಬಜೆಟ್ ಹಿಗ್ಗಿಸುವುದು ಬೇಡ.

ಹಡ್ಸನ್ ದಾಟಿದರೆ ಟ್ಯಾಕ್ಸ್ ಯಾರಿಗೆ?

ನ್ಯೂಜೆರ್ಸಿಯಲ್ಲಿ ಮನೆ ಮಾಡಿದರೆ ನ್ಯೂಜೆರ್ಸಿಯ ಕಡಿಮೆ ಇನ್‌ಕಮ್ ಟ್ಯಾಕ್ಸ್ ಕಟ್ಟಿದರೆ ಸಾಕು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಸಂಬಳ ಹುಟ್ಟುವುದು ಮ್ಯಾನ್‌ಹ್ಯಾಟನ್‌ನಲ್ಲಿ. ಹಾಗಾಗಿ ಮೊದಲು ನ್ಯೂಯಾರ್ಕ್ ರಾಜ್ಯಕ್ಕೆ ಕಟ್ಟಬೇಕು. ಅಲ್ಲಿ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುತ್ತದೆ, ಅಂದರೆ ತನ್ನ ತೆರಿಗೆಯಲ್ಲಿ ಅದನ್ನು ಕಳೆಯುತ್ತದೆ, ಒಂದೇ ಸಂಬಳಕ್ಕೆ ಎರಡು ಸಲ ಪೂರ್ತಿ ತೆರಿಗೆ ಬೀಳುವುದಿಲ್ಲ. ಆದರೆ ಸಾಮಾನ್ಯ ಆದಾಯದವರಿಗೆ ನ್ಯೂಯಾರ್ಕ್ ದರವೇ ಹೆಚ್ಚು. ಕೊನೆಗೆ ನೀವು ಕಟ್ಟುವುದು ಹೆಚ್ಚಿನ ದರವನ್ನೇ.

ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದು, ಒಟ್ಟಿಗೆ ರಿಟರ್ನ್ ಹಾಕುವುದಾದರೆ ನ್ಯೂಯಾರ್ಕ್ ಮೊದಲು ಇಬ್ಬರ ಒಟ್ಟು ಆದಾಯಕ್ಕೆ ತೆರಿಗೆ ಲೆಕ್ಕ ಹಾಕುತ್ತದೆ. ಆಮೇಲೆ ಅದರಲ್ಲಿ ನ್ಯೂಯಾರ್ಕ್ ಪಾಲು ಎಷ್ಟೋ ಅಷ್ಟನ್ನು ಕೇಳುತ್ತದೆ. ಹೀಗಾಗಿ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ದುಡಿಯುವ ಗಂಡನ ಸಂಬಳ, ಮ್ಯಾನ್‌ಹ್ಯಾಟನ್‌ನಲ್ಲಿ ದುಡಿಯುವ ಹೆಂಡತಿಯ ತೆರಿಗೆಯ ದರವನ್ನು ಮೇಲಕ್ಕೆ ತಳ್ಳುತ್ತದೆ.

ಮನೆಯಿಂದ ಕೆಲಸ ಮಾಡಿದ ದಿನಗಳ ಕಥೆ ಇನ್ನೂ ವಿಚಿತ್ರ. ಕಂಪನಿಯ ಅಗತ್ಯಕ್ಕಲ್ಲದೆ ನಿಮ್ಮ ಅನುಕೂಲಕ್ಕೆ ಮನೆಯಲ್ಲಿ ಕೂತರೆ ಆ ದಿನವೂ ನ್ಯೂಯಾರ್ಕ್‌ನಲ್ಲಿ ದುಡಿದ ದಿನವೇ ಎಂದು ನ್ಯೂಯಾರ್ಕ್ ಎಣಿಸುತ್ತದೆ. ಇದಕ್ಕೆ ಎದುರಾಗಿ ನ್ಯೂಜೆರ್ಸಿ 2023ರಲ್ಲಿ ತನ್ನದೇ ಅಂಥ ನಿಯಮ ತಂದಿತು. ಜಗಳ ರಾಜ್ಯಗಳದು. ವಾರಕ್ಕೆ ಎರಡು ದಿನ ನ್ಯೂಜೆರ್ಸಿಯ ಎಡಿಸನ್‌ನ ಮನೆಯಲ್ಲೇ ಕೂತು ಕೆಲಸ ಮಾಡುವವರ ತೆರಿಗೆ ಹೆಚ್ಚಾಗಿ ನ್ಯೂಯಾರ್ಕ್‌ಗೇ ಹೋಗುತ್ತದೆ.

ಇದರಿಂದ ಊರು ಆರಿಸುವವರಿಗೆ ತಿಳಿಯುವುದು ಇಷ್ಟು. ಕೆಲಸ ಮ್ಯಾನ್‌ಹ್ಯಾಟನ್‌ನಲ್ಲೇ ಇದ್ದರೆ, ನ್ಯೂಯಾರ್ಕ್ ನಗರದ ಉತ್ತರಕ್ಕೆ, ನ್ಯೂಯಾರ್ಕ್ ರಾಜ್ಯದಲ್ಲೇ ಇರುವ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ಮನೆ ಮಾಡಿದರೂ ನ್ಯೂಜೆರ್ಸಿಯಲ್ಲಿ ಮಾಡಿದರೂ ಇನ್‌ಕಮ್ ಟ್ಯಾಕ್ಸ್ ಹೆಚ್ಚೇನೂ ಬದಲಾಗುವುದಿಲ್ಲ. ನ್ಯೂಯಾರ್ಕ್ ನಗರದ ಗಡಿ ದಾಟಿ ಹೊರಗೆ ಬಂದರೆ ನಿಜವಾದ ಉಳಿತಾಯ, ಯಾಕೆಂದರೆ ನಗರದ ಶೇ 3ರಿಂದ 4ರ ನಡುವಿನ ಇನ್‌ಕಮ್ ಟ್ಯಾಕ್ಸ್ ಅಲ್ಲಿ ವಾಸ ಮಾಡುವವರಿಗೆ ಮಾತ್ರ. ಹೊರಗಿನಿಂದ ಬಂದು ಹೋಗುವವರ ಮೇಲಿದ್ದ ತೆರಿಗೆಯನ್ನು 1999ರಲ್ಲೇ ತೆಗೆದುಹಾಕಿದರು. ಯಾಂಕರ್ಸ್ ಮಾತ್ರ ಅಪವಾದ. ಅದು ವೆಸ್ಟ್‌ಚೆಸ್ಟರ್‌ನಲ್ಲಿದ್ದರೂ ವಾಸಿಗಳ ಮೇಲೆ ತನ್ನದೇ ಸರ್‌ಚಾರ್ಜ್ ಹಾಕುತ್ತದೆ.

ನಾಳೆ ನ್ಯೂಜೆರ್ಸಿಯದೇ ಕಂಪನಿಗೆ ಕೆಲಸ ಬದಲಾಯಿಸುವ ಯೋಚನೆ ಇದ್ದರೆ ಚಿತ್ರ ಬೇರೆ. ಆಗ ನ್ಯೂಜೆರ್ಸಿ ದರದ ಲಾಭ ಸಿಗುತ್ತದೆ. 15,000 ಡಾಲರ್ ತನಕದ ಪ್ರಾಪರ್ಟಿ ಟ್ಯಾಕ್ಸನ್ನು ರಾಜ್ಯದ ಆದಾಯದಿಂದ ಕಳೆಯುವ ಸೌಲಭ್ಯಕ್ಕೂ ಆಗಲೇ ಬೆಲೆ. ನ್ಯೂಯಾರ್ಕ್ ಕ್ರೆಡಿಟ್ಟೇ ನ್ಯೂಜೆರ್ಸಿ ತೆರಿಗೆಯನ್ನು ನುಂಗಿಹಾಕಿದ್ದರೆ ಕಳೆಯಲು ಏನೂ ಉಳಿದಿರುವುದಿಲ್ಲ.

ಕನೆಕ್ಟಿಕಟ್ ಬಗ್ಗೆ ಒಂದೇ ಮಾತು: ಅಲ್ಲಿ ಕಾರಿಗೂ ಪ್ರಾಪರ್ಟಿ ಟ್ಯಾಕ್ಸ್ ಇದೆ. ಎರಡು ಹೊಸ ಕಾರಿದ್ದರೆ ಲೆಕ್ಕಕ್ಕೆ ಸೇರಿಸಿ.

‘ಒಂದು ಗಂಟೆ’ ಎಂದರೆ ಎಷ್ಟು ಗಂಟೆ?

ವೇಳಾಪಟ್ಟಿಯಲ್ಲಿ ಇರುವುದು ರೈಲಿನ ಸಮಯ. ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ಮ್ಯಾನ್‌ಹ್ಯಾಟನ್‌ನ ಪೆನ್ ಸ್ಟೇಷನ್‌ಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಮನೆಯಿಂದ ಸ್ಟೇಷನ್, ಪಾರ್ಕಿಂಗ್, ಪ್ಲಾಟ್‌ಫಾರ್ಮಿನ ಕಾಯುವಿಕೆ, ಪೆನ್ ಸ್ಟೇಷನ್‌ನ ಜನಜಂಗುಳಿ, ಅಲ್ಲಿಂದ ಸಬ್‌ವೇ ಎಲ್ಲ ಸೇರಿಸಿ. ಆಫೀಸ್ ಕೆಳ ಮ್ಯಾನ್‌ಹ್ಯಾಟನ್‌ನಲ್ಲಿದ್ದರೆ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಇಳಿದು, ಹಡ್ಸನ್ ಅಡಿಯಿಂದ ಮ್ಯಾನ್‌ಹ್ಯಾಟನ್‌ಗೆ ಹೋಗುವ ‘ಪಾತ್’ ರೈಲು ಹಿಡಿಯುವುದು ವಾಸಿ. ಆಫೀಸ್ ಗ್ರ್ಯಾಂಡ್ ಸೆಂಟ್ರಲ್ ಹತ್ತಿರ ಇದ್ದರೆ ನ್ಯೂಜೆರ್ಸಿಯ ಬದಲು ವೆಸ್ಟ್‌ಚೆಸ್ಟರ್ ಕಡೆ ನೋಡಿ. ಮೆಟ್ರೋ ನಾರ್ತ್ ರೈಲು ನೇರ ಅಲ್ಲಿಗೇ ಹೋಗುತ್ತದೆ.

ಊರಿನಲ್ಲಿ ಸ್ಟೇಷನ್ ಇದೆ ಎಂದ ಮಾತ್ರಕ್ಕೆ ರೈಲು ನೇರ ಹೋಗುತ್ತದೆ ಎಂದಲ್ಲ. ಸಮ್ಮಿಟ್, ಮೇಪಲ್‌ವುಡ್ ಕಡೆಯ ಸಾಲಿಗೆ 1996ರಲ್ಲಿ ‘ಮಿಡ್‌ಟೌನ್ ಡೈರೆಕ್ಟ್’ ಬಂದ ಮೇಲೆ ಹಡ್ಸನ್‌ನ ನ್ಯೂಜೆರ್ಸಿ ದಡದ ಹೊಬೋಕನ್‌ನಲ್ಲಿ ಇಳಿಯದೆ ನೇರ ಪೆನ್ ಸ್ಟೇಷನ್ ಸೇರುವಂತಾಯಿತು, ಆ ಊರುಗಳ ಮನೆ ಬೆಲೆಯೂ ಏರಿತು. ರಾರಿಟನ್ ವ್ಯಾಲಿ ಸಾಲಿನಲ್ಲಿ ಬೆಳಗಿನ ಗಡಿಬಿಡಿಯ ಹೊತ್ತಿನಲ್ಲಿ ನ್ಯೂವಾರ್ಕ್‌ನಲ್ಲಿ ಗಾಡಿ ಬದಲಿಸಬೇಕು. ಅದೇ ಕಾರಣಕ್ಕೆ ಅಲ್ಲಿ ಅದೇ ಹಣಕ್ಕೆ ದೊಡ್ಡ ಮನೆ ಸಿಗಬಹುದು. ಈಸ್ಟ್ ಬ್ರನ್ಸ್‌ವಿಕ್, ಮಾರ್ಲ್‌ಬರೋದಲ್ಲಿ ಸ್ಟೇಷನ್ನೇ ಇಲ್ಲ, ಬಸ್ಸೇ ಗತಿ. ಬೆಳಿಗ್ಗೆ ಲಿಂಕನ್ ಸುರಂಗಕ್ಕೆ ಬಸ್ಸಿಗೆಂದೇ ಬೇರೆ ಲೇನ್ ಇದೆ. ಸಂಜೆ ವಾಪಸ್ ಬರುವಾಗ ಆ ಸೌಕರ್ಯ ಇಲ್ಲ. ಕಾರಿನಲ್ಲೇ ಹೋಗುತ್ತೇನೆ ಎನ್ನುವವರಿಗೆ ಸೇತುವೆ ಅಥವಾ ಸುರಂಗದ ಟೋಲ್, ಪಾರ್ಕಿಂಗ್ ಜೊತೆಗೆ 2025ರ ಜನವರಿಯಿಂದ ಮ್ಯಾನ್‌ಹ್ಯಾಟನ್‌ನ 60ನೇ ಬೀದಿಯಿಂದ ದಕ್ಷಿಣಕ್ಕೆ ಹೊಕ್ಕರೆ ಹಗಲು 9 ಡಾಲರ್ ಶುಲ್ಕವೂ ಸೇರಿದೆ.

ಸರಾಸರಿ ದಿನಕ್ಕಿಂತ ಕೆಟ್ಟ ದಿನ ಹೇಗಿರುತ್ತದೆ ಎಂದು ಕೇಳಿ. ನ್ಯೂಜೆರ್ಸಿಯಿಂದ ಪೆನ್ ಸ್ಟೇಷನ್‌ಗೆ ಹೋಗುವ ರೈಲುಗಳೆಲ್ಲ ಹಡ್ಸನ್ ಅಡಿಯ ಎರಡೇ ಕೊಳವೆಗಳಲ್ಲಿ ಸಾಗಬೇಕು. ಅವು 1910ರಲ್ಲಿ ಶುರುವಾದವು, 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪುನೀರು ಕುಡಿದವು. ಒಂದರಲ್ಲಿ ತೊಂದರೆಯಾದರೆ ಇಡೀ ಸಂಜೆ ಕೆಡುತ್ತದೆ. ಅಂಥ ದಿನ ಹೊಬೋಕನ್ ಕಡೆಯಿಂದಲೋ ಪಾತ್‌ನಿಂದಲೋ ಮನೆ ಸೇರುವ ಇನ್ನೊಂದು ದಾರಿ ಇರುವ ಊರಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಇನ್ನು ದಿನಗಳ ಲೆಕ್ಕ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಜಾಸ್ತಿ ಹಿಡಿಯುವ ಊರು ಎಂದಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ, ವರ್ಷಕ್ಕೆ 48 ವಾರ ಎಂದರೆ 144 ಗಂಟೆ. ಎಂಟು ಗಂಟೆಯ ಕೆಲಸದ ದಿನ ಎಂದರೆ 18 ದಿನ. ವಾರಕ್ಕೆ ಐದು ದಿನ ಬಾ ಎಂದು ಕಂಪನಿ ಹೇಳಿದರೆ ಅದೇ 30 ದಿನ. ಹೈಬ್ರಿಡ್ ನಿಯಮ ಕಂಪನಿಯ ಕೈಯಲ್ಲಿದೆ, ಮನೆಯ ಸಾಲ ನಿಮ್ಮ ಕೈಯಲ್ಲಿದೆ. ಐದು ದಿನವಾದರೂ ಸಹಿಸಬಲ್ಲೆ ಎನ್ನುವ ದೂರವನ್ನೇ ಆರಿಸಿ. ಟಿಕೆಟ್ ದರವೂ ನಿಂತಲ್ಲಿ ನಿಲ್ಲುವುದಿಲ್ಲ. ನ್ಯೂಜೆರ್ಸಿಯ ರೈಲು, ಬಸ್ ಓಡಿಸುವ ಎನ್‌ಜೆ ಟ್ರಾನ್ಸಿಟ್ 2024ರ ಜುಲೈನಲ್ಲಿ ಶೇ 15 ಏರಿಸಿತು, ಆಮೇಲೆ ವರ್ಷಕ್ಕೆ ಶೇ 3 ಏರಿಕೆ ಎಂದು ತೀರ್ಮಾನಿಸಿತು.

ಶಾಲೆ, ಮತ್ತು ಶಾಲೆ ಬಿಟ್ಟ ಮೇಲೆ

ಅಂಚೆ ವಿಳಾಸವನ್ನು ನಂಬಬೇಡಿ. ‘ಪ್ರಿನ್ಸ್‌ಟನ್’ ಎಂದು ವಿಳಾಸ ಇರುವ ಎಷ್ಟೋ ಮನೆಗಳು ಪ್ರಿನ್ಸ್‌ಟನ್‌ನಲ್ಲಿ ಇಲ್ಲ. ಕೆಲವು ವೆಸ್ಟ್ ವಿಂಡ್ಸರ್‌ನಲ್ಲಿ, ಕೆಲವು ಸೌತ್ ಬ್ರನ್ಸ್‌ವಿಕ್‌ನಲ್ಲಿ ಇವೆ. ಟ್ಯಾಕ್ಸ್ ಬೇರೆ, ಶಾಲೆ ಬೇರೆ. ಮಾನ್ಮತ್ ಜಂಕ್ಷನ್ ಎಂದು ಬರೆದಿದ್ದರೆ ಅದು ಸೌತ್ ಬ್ರನ್ಸ್‌ವಿಕ್, ಮಾನ್ಮತ್ ಕೌಂಟಿ ಅಲ್ಲವೇ ಅಲ್ಲ. ಟೌನ್‌ಶಿಪ್ ಯಾವುದು, ಸ್ಕೂಲ್ ಡಿಸ್ಟ್ರಿಕ್ಟ್ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಯಾವುದು, ಅದರೊಳಗೆ ಈ ಬೀದಿಗೆ ಯಾವ ಶಾಲೆ ಎನ್ನುವ ಮೂರನ್ನೂ ಡಿಸ್ಟ್ರಿಕ್ಟ್ ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಒಂದೇ ಡಿಸ್ಟ್ರಿಕ್ಟ್‌ನ ಒಳಗೂ ಆಯ್ಕೆ ಇರುತ್ತದೆ. ವೆಸ್ಟ್ ವಿಂಡ್ಸರ್ ಮತ್ತು ಪ್ಲೇನ್ಸ್‌ಬರೋ ಮಕ್ಕಳು ಒಂದೇ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಸೇರಿದವರು. ಆದರೆ ಮೊದಲನೆಯದು ಮರ್ಸರ್ ಕೌಂಟಿ, ಎರಡನೆಯದು ಮಿಡ್ಲ್‌ಸೆಕ್ಸ್ ಕೌಂಟಿ. ಬಿಲ್ ಬೇರೆ ಬೇರೆ. ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ ಇರುವುದು ವೆಸ್ಟ್ ವಿಂಡ್ಸರ್‌ನಲ್ಲಿ, ಅಲ್ಲಿನ ಪಾರ್ಕಿಂಗ್‌ನ ಒಂದು ಭಾಗ ಆ ಊರಿನವರಿಗೇ ಮೀಸಲು. ಪ್ಲೇನ್ಸ್‌ಬರೋದಲ್ಲಿ ಬಾಡಿಗೆಗೆ ಅಪಾರ್ಟ್‌ಮೆಂಟುಗಳು ಸಾಕಷ್ಟಿವೆ. ಒಂದೆರಡು ವರ್ಷ ಬಾಡಿಗೆಗಿದ್ದು ಶಾಲೆ ನೋಡಿ, ಆಮೇಲೆ ಕೊಳ್ಳುವವರಿಗೆ ಇದು ಒಳ್ಳೆಯ ದಾರಿ.

ರೇಟಿಂಗ್ 10ಕ್ಕೆ 9 ಇದೆಯೋ 8 ಇದೆಯೋ ಎನ್ನುವುದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಪರೀಕ್ಷೆಯ ಅಂಕದಲ್ಲಿ ಪೋಷಕರ ಆದಾಯ, ಓದು, ಹೊರಗಿನ ಟ್ಯೂಷನ್ ಎಲ್ಲ ಬೆರೆತಿರುತ್ತವೆ. ನಿಮ್ಮ ಮನೆಯಲ್ಲಿ ಅದೆಲ್ಲ ಹೇಗೂ ಇದೆ. ಆ ಒಂದು ಅಂಕಕ್ಕೆ ವರ್ಷಕ್ಕೆ 5,000 ಡಾಲರ್ ಟ್ಯಾಕ್ಸೂ ದಿನಕ್ಕೆ ಒಂದು ಗಂಟೆಯೂ ಕೊಡಬೇಕೇ? ಮಗುವಿಗೆ ವಿಶೇಷ ನೆರವು ಬೇಕಿದ್ದರೆ ಮಾತ್ರ ಡಿಸ್ಟ್ರಿಕ್ಟ್‌ಗಳ ನಡುವಿನ ವ್ಯತ್ಯಾಸ ತುಂಬ ದೊಡ್ಡದು, ಅಲ್ಲಿ ರಾಜಿ ಬೇಡ.

ವರ್ಷಗಳ ಲೆಕ್ಕವೂ ಇಲ್ಲೇ ಬರುತ್ತದೆ. ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿಗೆ 13 ವರ್ಷ. ಇಬ್ಬರು ಚಿಕ್ಕ ಮಕ್ಕಳಿದ್ದರೆ ಹೆಚ್ಚು ಟ್ಯಾಕ್ಸಿನ ಊರು ಸಲೀಸಾಗಿ ದುಡ್ಡು ತೀರಿಸಿಕೊಡುತ್ತದೆ. ಒಬ್ಬಳೇ ಮಗಳು, ಅವಳು ಒಂಬತ್ತನೇ ತರಗತಿ ಎಂದರೆ ಉಳಿದಿರುವುದು ನಾಲ್ಕು ವರ್ಷ. ಮನೆ ಕೊಂಡು ಮಾರುವ ಖರ್ಚನ್ನೂ ಸೇರಿಸಿದರೆ ಆ ನಾಲ್ಕು ವರ್ಷಕ್ಕೆ ಬಾಡಿಗೆಯೇ ಲೇಸು. ಮಗು ಇನ್ನೂ ಒಂದು ವರ್ಷದ್ದಾದರೆ ಶಾಲೆಗೆ ನಾಲ್ಕು ವರ್ಷ ಸಮಯವಿದೆ, ಅಷ್ಟರಲ್ಲಿ ಕೆಲಸವೇ ಬದಲಾಗಬಹುದು.

ಚಿಕ್ಕ ಮಕ್ಕಳಿರುವ ಮನೆಗೆ ಆಫ್ಟರ್‌ಕೇರ್ (ಶಾಲೆ ಬಿಟ್ಟ ಮೇಲೆ ಸಂಜೆ ತನಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ) ವಿಷಯ ರೇಟಿಂಗ್‌ಗಿಂತ ದೊಡ್ಡದು. ಶಾಲೆಯಲ್ಲೇ ಇದೆಯೇ, ಜಾಗ ಸಿಗುತ್ತದೆಯೇ, ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಆಫರ್ ಹಾಕುವ ಮುಂಚೆ ಕೇಳಿ. ಸಂಜೆ 6ಕ್ಕೆ ಮುಚ್ಚುವುದಾದರೆ, ಮನೆ ಬಾಗಿಲಿನಿಂದ ಆಫೀಸಿಗೆ ಒಂದೂವರೆ ಗಂಟೆ ಹಿಡಿಯುವವರು 4:30ಕ್ಕೇ ಎದ್ದು ಹೊರಡಬೇಕು. ಅದು ಆಗದ ಮಾತು ಎಂದರೆ ಇಬ್ಬರಲ್ಲಿ ಒಬ್ಬರಾದರೂ ಶಾಲೆಯಿಂದ ಅರ್ಧ ಗಂಟೆ ದೂರದಲ್ಲಿ ಕೆಲಸ ಮಾಡುತ್ತಿರಬೇಕು. ಮಗುವಿಗೆ ಜ್ವರ ಎಂದು ಶಾಲೆಯ ನರ್ಸ್ ಫೋನ್ ಮಾಡುವುದೂ ಮಧ್ಯಾಹ್ನವೇ. ಇಬ್ಬರೂ ಮ್ಯಾನ್‌ಹ್ಯಾಟನ್‌ಗೆ ಹೋಗುವ ಕುಟುಂಬಕ್ಕೆ ಪ್ರಿನ್ಸ್‌ಟನ್ ಜಂಕ್ಷನ್ ಸಾಲಿನಲ್ಲೇ ಅದಕ್ಕಿಂತ ಮ್ಯಾನ್‌ಹ್ಯಾಟನ್‌ಗೆ ಹತ್ತಿರ ಇರುವ ಮೆಟ್ರೋಪಾರ್ಕ್ ಸ್ಟೇಷನ್‌ಗಿಂತ ಆಚೆಗೆ ಹೋಗಬೇಡಿ ಎನ್ನುತ್ತೇನೆ. ಒಬ್ಬರ ಕೆಲಸ ರೂಟ್ 1 ಹೆದ್ದಾರಿಯ ಆಸುಪಾಸಿನಲ್ಲಿದ್ದರೆ ಪ್ಲೇನ್ಸ್‌ಬರೋ, ಸೌತ್ ಬ್ರನ್ಸ್‌ವಿಕ್ ಕೂಡ ಆಗುತ್ತದೆ.

ಇಷ್ಟೆಲ್ಲ ಕಾಗದದ ಮೇಲೆ ಹಾಕಿದ ಮೇಲೆ, ಕೊನೆಗೆ ಉಳಿದ ಎರಡು ಊರುಗಳಿಂದಲೂ ಒಂದು ಮಂಗಳವಾರ ಅಥವಾ ಬುಧವಾರ ಆಫೀಸಿಗೆ ಹೋಗಿ ಬನ್ನಿ. ಶನಿವಾರ ಓಪನ್ ಹೌಸ್‌ಗೆ ಹೋದಾಗ ಕಾಣುವ ರಸ್ತೆ ಅದಲ್ಲ. ಬೆಳಿಗ್ಗೆ 7:30ಕ್ಕೆ ಸ್ಟೇಷನ್‌ನಲ್ಲಿ ಪಾರ್ಕಿಂಗ್ ಸಿಗುತ್ತದೆಯೇ ನೋಡಿ. ಪರ್ಮಿಟ್‌ಗೆ ವೇಟಿಂಗ್ ಲಿಸ್ಟ್ ಇದ್ದರೆ ಎಷ್ಟು ಉದ್ದ ಎಂದು ವಿಚಾರಿಸಿ, ಬೇರೆ ಊರಿನವರಿಗೂ ಕೊಡುವುದಾದರೆ ಮನೆ ಕೊಳ್ಳುವ ಮುಂಚೆಯೇ ಹೆಸರು ಬರೆಸಿಬಿಡಿ.